ದಾರಿಯ ವಂತಿಗೆ

ಭದ್ರಾವತಿಯ ಹಳೇನಗರವನ್ನು ಆಟೋದವರಿಂದ ಹಿಡಿದು ಸೊಪ್ಪು ಮಾರುವವಳವರೆಗೆ ಎಲ್ಲರೂ ಓಲ್ಡ್ ಟೌನ್ ಎಂದೇ ಕರೆಯುತ್ತಾರೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು, ಅದರ ಸುತ್ತ ಹೊಸ ಊರು ಬೆಳೆಯಿತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯಿರುವ ಹಿಂದಿನ ಬೆಂಕಿಪುರ ‘ಓಲ್ಡ್’ ಆಯಿತು. ಇಂಥ ಊರಿಗೆ ವಂತಿಗೆ ಹೊಸದಲ್ಲ. ಗಣಪತಿಗೆ, ರಾಜ್ಯೋತ್ಸವಕ್ಕೆ, ಅನ್ನಸಂತರ್ಪಣೆಗೆ ರಶೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ; ಸಾಸಿವೆ ಡಬ್ಬಿಯಿಂದ ದುಡ್ಡು ತೆಗೆದುಕೊಡುವವರು ಹೆಚ್ಚಾಗಿ ನಾವೇ. ಆದರೆ ಒಂದು ಕಾಲುದಾರಿಯ ಹುಲ್ಲು ಸವರಿಸಬೇಕು, ಚರಂಡಿ ಬಿಡಿಸಬೇಕು ಎಂದು ಕೇಳಿಕೊಂಡು ಬಂದವರು ಉಂಟೇ?

ಈಗ ದಪ್ಪ ಗಾಲಿಯ, ಗುಡ್ಡ ಹತ್ತುವ ಸೈಕಲ್ಲುಗಳ ಕಾಲ. ಅವು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ರೂಪುಗೊಂಡವು. ಸವಾರರು ಹೆಚ್ಚಿದಂತೆ ದಾರಿ ಹಾಳಾಗುತ್ತದೆಂಬ ದೂರು ಎದ್ದು, ಹಲವು ಕಡೆ ಅವರಿಗೆ ಪ್ರವೇಶವೇ ತಪ್ಪಿತು. 1988ರಲ್ಲಿ ಅಲ್ಲಿನ ಐದು ಸಂಘಗಳು ಕೂಡಿ ಒಕ್ಕೂಟ ಕಟ್ಟಿಕೊಂಡವು. ಚಂದಾ ಎತ್ತುವುದರ ಜೊತೆಗೆ ರಜೆಯ ದಿನ ಗುದ್ದಲಿ ಹಿಡಿದು ದಾರಿ ರಿಪೇರಿಗೆ ಹೋಗುವುದೂ ಅವರಲ್ಲಿ ಪದ್ಧತಿಯಾಯಿತು. ದಾರಿಗೆ ಗಾಲಿಗಿಂತ ನೀರೇ ದೊಡ್ಡ ಶತ್ರು ಎಂದು ಅವರು ಬಲ್ಲರು. ದಾರಿಯನ್ನು ಕಣಿವೆಯ ಕಡೆಗೆ ತುಸು ಓರೆಯಾಗಿ ಕಡಿಯಬೇಕು, ಅಲ್ಲಲ್ಲಿ ತಗ್ಗು ಬಿಟ್ಟು ನೀರನ್ನು ಪಕ್ಕಕ್ಕೆ ಇಳಿಸಬೇಕು. ಆ ತಗ್ಗುಗಳಲ್ಲಿ ತರಗೆಲೆ, ಮಣ್ಣು ತುಂಬಿದರೆ ದಾರಿಯೇ ಹಳ್ಳವಾಗುತ್ತದೆ. ಮಳೆಗಾಲಕ್ಕೆ ಮೊದಲು ಅಂಗಳದ ನೀರಿಗೆ ಕಣಿ ಬಿಡಿಸುವ ಮಲೆನಾಡಿನ ಹೆಂಗಸಿಗೆ ಇದನ್ನು ಕ್ಯಾಲಿಫೋರ್ನಿಯಾದವರು ಕಲಿಸಬೇಕಾಗಿಲ್ಲ.

ಕಟ್ಟುವುದಕ್ಕೆ ಒಂದು ದುಡ್ಡಾದರೆ ಕಾಯುವುದಕ್ಕೆ ಬೇರೆಯೇ ದುಡ್ಡು ಬೇಕೆಂಬುದು ನಮ್ಮ ಹಿಂದಿನವರಿಗೂ ಗೊತ್ತಿತ್ತು. ಕೆರೆಯ ಶಾಸನಗಳನ್ನು ನೋಡಿ. ಕಟ್ಟಿಸಿದ ಪುಣ್ಯಾತ್ಮನ ಹೊಗಳಿಕೆ ಇರುತ್ತದೆ, ಅದು ಇರಲಿ. ನನಗೆ ಮೆಚ್ಚುಗೆಯಾಗುವುದು ‘ಕೆರೆಬಂಡಿ’ಯ ಮಾತು: ವರ್ಷವರ್ಷವೂ ಹೂಳು ಹೊರುವ ಗಾಡಿಗೆ, ಅದನ್ನೆಳೆಯುವ ಕೋಣಗಳಿಗೆ, ಹೊಡೆಯುವ ಆಳಿಗೆ ಎಂದು ಬೇರೆಯಾಗಿ ಭೂಮಿ ಬಿಟ್ಟಿದ್ದಾರೆ. ಕೋಣದ ಮೇವನ್ನೂ ಕಲ್ಲಿನಲ್ಲಿ ಕೆತ್ತಿಸುವಷ್ಟು ದೂರದ ಲೆಕ್ಕ! ನಮ್ಮದೇ ಜಿಲ್ಲೆಯ ಬಳ್ಳಿಗಾವಿ ಆಗ ದೊಡ್ಡ ಪೇಟೆ. ಅಂಥ ಊರುಗಳಲ್ಲಿ ವರ್ತಕರ ಸಂಘಗಳು ಸರಕಿನ ಹೇರಿಗೆ ಇಷ್ಟೆಂದು ತಾವೇ ಕಟ್ಟುಮಾಡಿಕೊಂಡು ಗುಡಿಗೆ, ಮಠಕ್ಕೆ ಕೊಡುತ್ತಿದ್ದವು. ಅಲ್ಲಿನ ಕೋಡಿಯ ಮಠದಲ್ಲಿ ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ.

ಹಳ್ಳಗಳ ಮೇಲಿನ ಕಾಲುಸಂಕದ ಕತೆಯೂ ಇದೇ. ಅಡಿಕೆ ಮರ ಮಳೆಗೆ ಕೊಳೆಯುತ್ತದೆ. ಆಗಾಗ ಮನೆಮನೆಯವರು ಸೇರಿ ಹೊಸದು ಹಾಕಲೇಬೇಕು. 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನವರು ಗಿರೀಶ್ ಭಾರದ್ವಾಜರ ಬೆನ್ನು ಹತ್ತಿದರು. ಊರವರ ದುಡಿಮೆಯೂ ಸೇರಿ ಪಯಸ್ವಿನಿಗೆ ತೂಗುಸೇತುವೆಯಾಯಿತು. ಆಮೇಲೆ ಅವರು ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಆದರೂ ಸಂಕಗಳು ಮುಗಿದಿಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಸಂಕದಿಂದ ಜಾರಿ ನೀರುಪಾಲಾದಳು. ಮಳೆ ಬಿರುಸಾದ ಸಂಜೆ, ಮಕ್ಕಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ನನಗೆ ಆ ಸುದ್ದಿ ನೆನಪಾಗುತ್ತದೆ.

ಓಲ್ಡ್ ಟೌನಿನ ಹುಡುಗರು ಗುಡ್ಡದಲ್ಲಿ ಸೈಕಲ್ ದಾರಿ ಮಾಡುತ್ತೇವೆಂದು ರಶೀದಿ ಪುಸ್ತಕ ತಂದರೆ ನಾನಂತೂ ಬೇಡವೆನ್ನುವವಳಲ್ಲ. ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಕೇಳುತ್ತೇನೆ. ನಮ್ಮ ಸುತ್ತ ಭದ್ರಾ, ಶೆಟ್ಟಿಹಳ್ಳಿ ಅಭಯಾರಣ್ಯಗಳಿವೆ, ದುಡ್ಡಿದ್ದ ಮಾತ್ರಕ್ಕೆ ಅಲ್ಲಿ ಗುದ್ದಲಿ ಹಾಕುವಂತಿಲ್ಲ. ಆಮೇಲೆ, ಮೂರನೆಯ ವರ್ಷದ ಚರಂಡಿಗೆ ಎಷ್ಟು ತೆಗೆದಿಟ್ಟಿದ್ದೀರಿ ಎಂದು ಕೇಳುತ್ತೇನೆ. ಸರಿಯಾದ ಲೆಕ್ಕ ತೋರಿಸಿದರೆ ದುಡ್ಡು ಕೊಟ್ಟು, ತಲೆಯ ಮೇಲೆ ಹೊರೆ ಹೊತ್ತವಳು ಎದುರಾದರೆ ಸೈಕಲ್ಲಿನಿಂದ ಇಳಿಯಬೇಕೆಂದು ರಶೀದಿಯ ಹಿಂದೆ ಬರೆಸಿಕೊಳ್ಳುತ್ತೇನೆ.