ಟಾವಿ ಚಿಕಿತ್ಸೆ: ಮೊದಲ ಕವಾಟ ಹಾಕುವಾಗಲೇ ಎರಡನೆಯದರ ಲೆಕ್ಕ ಏಕೆ?

ಗಟ್ಟಿಯಾಗಿ ಕಿರಿದಾದ ಅಯೋರ್ಟಿಕ್ ಕವಾಟದೊಳಗೆ, ಎದೆ ತೆರೆಯದೆ, ಸಾಮಾನ್ಯವಾಗಿ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸುವ ವಿಧಾನವೇ ಟಾವಿ. 2002ರ ಏಪ್ರಿಲ್‌ 16ರಂದು ಫ್ರಾನ್ಸ್‌ನ ರೂಆನ್‌ನಲ್ಲಿ ಹೃದ್ರೋಗ ತಜ್ಞ ಅಲೈನ್ ಕ್ರಿಬಿಯೆ ಇದನ್ನು ಮೊದಲ ಬಾರಿ ಮನುಷ್ಯರ ಮೇಲೆ ನಡೆಸಿದರು. ಆಗ ಇದು ಆಪರೇಷನ್ ತಡೆದುಕೊಳ್ಳಲಾಗದವರಿಗೆ ಉಳಿದ ಕೊನೆಯ ದಾರಿ. 2019ರಲ್ಲಿ ಅಮೆರಿಕದ ಎಫ್‌ಡಿಎ, ಆಪರೇಷನ್‌ನ ಅಪಾಯ ಕಡಿಮೆ ಇರುವವರಿಗೂ ಅನುಮತಿ ಕೊಟ್ಟಿತು. ಬಾಳಿಕೆಯ ಪ್ರಶ್ನೆ ಗಂಭೀರವಾಗಿದ್ದು ಆಮೇಲೆಯೇ.

ಹಸು ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಈ ಕವಾಟ ವರ್ಷ ಕಳೆದಂತೆ ಸವೆಯುತ್ತದೆ. 85ರ ಅಜ್ಜನಿಗೆ ಅದು ಕೊನೆಯವರೆಗೂ ಸಾಕಾಗಬಹುದು. 65ರವರಿಗೆ ಇನ್ನೊಂದು ಬೇಕಾದೀತು. ಹಳೆಯದರೊಳಗೇ ಹೊಸದನ್ನು ಕೂರಿಸಬಹುದು, ನಿಜ. ಆದರೆ ಆಗ ಹಳೆಯ ಕವಾಟದ ದಳಗಳು ಜಾಲರಿಗೆ ಒತ್ತಿಕೊಂಡು ಗೋಡೆಯಂತಾಗುತ್ತವೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕರೊನರಿ ನಾಳಗಳ ಬಾಯಿ ಅದರಿಂದ ಮುಚ್ಚಿಹೋಗುವ ಅಪಾಯವಿದೆ. ಹಾಗಾಗಿ ಮೊದಲ ಸಲವೇ ಸಿಟಿ ಸ್ಕ್ಯಾನ್‌ನಲ್ಲಿ ಅಳತೆ ತೆಗೆದು ಕವಾಟದ ಎತ್ತರ, ಕೂರಿಸುವ ಆಳ, ದಳಗಳ ದಿಕ್ಕು ನಿರ್ಧರಿಸಬೇಕು. ಅಳತೆ ತಪ್ಪಿದರೆ ಅಂಚಿನಲ್ಲಿ ಸೋರಿಕೆ. ತೀರಾ ಆಳಕ್ಕಿಳಿದರೆ ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ಹೆಚ್ಚು. ವಯಸ್ಸು ಕಡಿಮೆ ಇರುವ ಕೆಲವರಿಗೆ ಮೊದಲು ಆಪರೇಷನ್, ಮುಂದೆ ಟಾವಿ ಎಂಬ ಕ್ರಮವೇ ವಾಸಿ.

ಮನೆಗೆ ಬಂದ ಮೇಲೂ ವರ್ಷಕ್ಕೊಮ್ಮೆ ಎಕೋ ತಪ್ಪಿಸಬಾರದು. ಹಲ್ಲು ಕೀಳಿಸುವುದಿದ್ದರೆ ದಂತವೈದ್ಯರಿಗೆ ಕವಾಟದ ವಿಷಯ ಮೊದಲೇ ತಿಳಿಸಬೇಕು. ಕವಾಟಕ್ಕೆ ಸೋಂಕು ತಗುಲದಂತೆ ಮುಂಚಿತವಾಗಿ ಆ್ಯಂಟಿಬಯೋಟಿಕ್ ಕೊಡುತ್ತಾರೆ.