ಹೆಸರು ಕಾಣದ ನಟಿ, ಕಂತುಗಳ ನಿರ್ದೇಶಕಿ: ಶೆರಿಲ್ ಡುನ್ಯೆ ಅವರ ವೃತ್ತಿಜೀವನದ ಮರು ಓದು

ಶೆರಿಲ್ ಡುನ್ಯೆ ಅವರ ಕುರಿತ ಚರ್ಚೆ ಬಹುಮಟ್ಟಿಗೆ 1996ರಲ್ಲೇ ನಿಂತುಬಿಡುತ್ತದೆ. ಆ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆಕಂಡು ಟೆಡ್ಡಿ ಪ್ರಶಸ್ತಿ ಪಡೆದ ‘ದ ವಾಟರ್‌ಮೆಲನ್ ವುಮನ್’, ಕಪ್ಪು ಲೆಸ್ಬಿಯನ್ ನಿರ್ದೇಶಕಿಯೊಬ್ಬರ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಚರಿತ್ರೆಯಲ್ಲಿ ದಾಖಲಾಗಿದೆ. ಆಮೇಲಿನ ಕಾಲು ಶತಮಾನ, ಅದರಲ್ಲೂ ಕಿರುತೆರೆಯ ಕೆಲಸ, ಹೊಟ್ಟೆಪಾಡಿನ ಮಾತಾಗಿ ಬದಿಗೆ ಸರಿಯುತ್ತದೆ. ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ತೆರೆಯ ಮೇಲೆ ದುಡಿದವರ ಹೆಸರು ಯಾರ ಕೈಯಲ್ಲಿ ಉಳಿಯುತ್ತದೆ, ಯಾರ ಕೈಯಲ್ಲಿ ಅಳಿಯುತ್ತದೆ ಎಂಬ ಒಂದೇ ಪ್ರಶ್ನೆ ಡುನ್ಯೆ ಅವರ ಮೊದಲ ಚಿತ್ರದಿಂದ ಇತ್ತೀಚಿನ ಕಂತುಗಳವರೆಗೆ ಹರಿದುಬಂದಿದೆ ಎಂಬುದು ನನ್ನ ವಾದ.

ಡುನ್ಯೆ 1966ರಲ್ಲಿ ಲೈಬೀರಿಯಾದ ಮನ್ರೋವಿಯಾದಲ್ಲಿ ಹುಟ್ಟಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದವರು. ಟೆಂಪಲ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಕಾಲದಿಂದಲೇ ವಿಡಿಯೊ ಕಿರುಚಿತ್ರಗಳನ್ನು ಮಾಡುತ್ತ ಬಂದರು. ‘ಜನೀನ್’ (1990), ‘ಶೀ ಡೋಂಟ್ ಫೇಡ್’ (1991), ‘ದ ಪಾಟ್‌ಲಕ್ ಅಂಡ್ ದ ಪ್ಯಾಶನ್’ (1993) ಇವುಗಳಲ್ಲಿ ಕೆಲವು. ಇವುಗಳಲ್ಲಿ ರೂಪುಗೊಂಡ ಶೈಲಿಗೆ ‘ಡುನ್ಯೆಮೆಂಟರಿ’ ಎಂಬ ಹೆಸರೇ ಬಿದ್ದಿದೆ. ನಿರ್ದೇಶಕಿ ತಾನೇ ಕ್ಯಾಮೆರಾದತ್ತ ತಿರುಗಿ ಮಾತಾಡುತ್ತಾರೆ, ಪಾತ್ರಧಾರಿಗಳು ನಡುವೆ ಪಾತ್ರ ಬಿಟ್ಟು ತಮ್ಮ ಅಭಿಪ್ರಾಯ ಹೇಳುತ್ತಾರೆ, ನಡೆದದ್ದೂ ಕಟ್ಟಿದ್ದೂ ಒಂದರೊಳಗೊಂದು ಬೆರೆಯುತ್ತವೆ.

ಈ ಶೈಲಿ ಪೂರ್ಣವಾಗಿ ಅರಳಿದ್ದು ‘ದ ವಾಟರ್‌ಮೆಲನ್ ವುಮನ್’ನಲ್ಲಿ. ಫಿಲಡೆಲ್ಫಿಯಾದ ವಿಡಿಯೊ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಶೆರಿಲ್ ಎಂಬ ಹುಡುಗಿ (ಪಾತ್ರದಲ್ಲಿ ಡುನ್ಯೆ ಅವರೇ) ಹಳೆಯ ಹಾಲಿವುಡ್ ಚಿತ್ರವೊಂದನ್ನು ನೋಡುತ್ತಾಳೆ. ಬಿಳಿಯರ ಮನೆಯ ದಾದಿಯಾಗಿ ನಟಿಸಿದ ಕಪ್ಪು ನಟಿ ಅವಳ ಮನಸ್ಸು ಸೆಳೆಯುತ್ತಾಳೆ. ಆದರೆ ಹೆಸರುಗಳ ಪಟ್ಟಿಯಲ್ಲಿ ಆ ನಟಿಗೆ ಹೆಸರೇ ಇಲ್ಲ, ‘ಕಲ್ಲಂಗಡಿ ಹೆಂಗಸು’ ಎಂದಷ್ಟೇ ಇದೆ. ಶೆರಿಲ್ ಅವಳನ್ನು ಹುಡುಕಿಕೊಂಡು ಹೊರಡುತ್ತಾಳೆ. ತಾಯಿಯನ್ನು ಕೇಳುತ್ತಾಳೆ, ಆ ಪಾತ್ರದಲ್ಲಿ ಕಾಣಿಸಿಕೊಂಡವರು ಡುನ್ಯೆ ಅವರ ಸ್ವಂತ ತಾಯಿ. ಗ್ರಂಥಾಲಯಕ್ಕೆ ಹೋಗುತ್ತಾಳೆ, ಹಳಬರನ್ನು ಕಾಣುತ್ತಾಳೆ. ಆ ನಟಿಯ ಹೆಸರು ಫೇ ರಿಚರ್ಡ್ಸ್, ಹುಟ್ಟು ಹೆಸರು ಫೇತ್ ರಿಚರ್ಡ್‌ಸನ್, ಮಾರ್ಥಾ ಪೇಜ್ ಎಂಬ ಬಿಳಿಯ ನಿರ್ದೇಶಕಿ ಅವಳ ಪ್ರೇಯಸಿಯಾಗಿದ್ದಳು ಎಂಬುದು ಒಂದೊಂದಾಗಿ ತಿಳಿಯುತ್ತ ಹೋಗುತ್ತದೆ.

ಇಲ್ಲಿನ ಒಂದು ದೃಶ್ಯವನ್ನು ನಿಧಾನವಾಗಿ ನೋಡಬೇಕು. ಶೆರಿಲ್ ಲೆಸ್ಬಿಯನ್ ದಾಖಲೆಗಳ ಸಂಗ್ರಹಾಲಯವೊಂದಕ್ಕೆ ಹೋಗುತ್ತಾಳೆ. ಸ್ವಯಂಸೇವಕರೇ ನಡೆಸುವ ಸಂಸ್ಥೆ ಅದು. ಕಪ್ಪು ಮಹಿಳೆಯರ ಸಾಮಗ್ರಿ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿದೆ, ಯಾರೂ ಅದನ್ನು ವಿಂಗಡಿಸಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದಾಗ ಫೋಟೊಗಳು ಚೆಲ್ಲಾಡುತ್ತವೆ. ಅವುಗಳಲ್ಲಿ ಫೇ ಸಿಗುತ್ತಾಳೆ. ಪ್ರತಿ ತೆಗೆಯಲು ಅನುಮತಿ ಸಿಗುವುದಿಲ್ಲ. ಶೆರಿಲ್ ತನ್ನ ಕ್ಯಾಮೆರಾದಲ್ಲಿ ಕದ್ದು ಚಿತ್ರೀಕರಿಸುತ್ತಾಳೆ. ಸಂಗ್ರಹಾಲಯದವಳ ಪಾತ್ರ ಮಾಡಿದವರು ಲೇಖಕಿ ಸಾರಾ ಶುಲ್ಮನ್. ದೃಶ್ಯದಲ್ಲಿ ನಗೆ ಇದೆ, ಆದರೆ ಆಪಾದನೆ ಗಂಭೀರವಾದದ್ದು. ಅಂಚಿನವರಿಗಾಗಿಯೇ ಕಟ್ಟಿದ ಸಂಗ್ರಹದಲ್ಲೂ ಕೆಲವರು ಇನ್ನೊಂದು ಅಂಚಿಗೆ ಬಿದ್ದಿರುತ್ತಾರೆ.

ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಮೂಡುವ ಬರಹ ಸತ್ಯ ಬಿಚ್ಚಿಡುತ್ತದೆ: ಫೇ ರಿಚರ್ಡ್ಸ್ ಎಂಬ ನಟಿ ಇರಲೇ ಇಲ್ಲ. ಆ ಫೋಟೊಗಳೆಲ್ಲ ಕಲಾವಿದೆ ಝೋಯಿ ಲೆನರ್ಡ್ ಈ ಚಿತ್ರಕ್ಕಾಗಿಯೇ ತೆಗೆದವು. ನಟಿ ಲೀಸಾ ಮೇರಿ ಬ್ರಾನ್ಸನ್ ಅವರಿಗೆ ಆಯಾ ದಶಕದ ಉಡುಪು ತೊಡಿಸಿ, ಮುದ್ರಿಸಿದ ಚಿತ್ರಗಳಿಗೆ ಹಳತಾದ ರೂಪ ಕೊಟ್ಟು ಸಿದ್ಧಪಡಿಸಿದವು. ‘ಫೇ ರಿಚರ್ಡ್ಸ್ ಫೋಟೊ ಆರ್ಕೈವ್’ ಎಂಬ ಹೆಸರಿನ ಆ ಮಾಲಿಕೆಯಲ್ಲಿ 78 ಕಪ್ಪುಬಿಳುಪು ಚಿತ್ರಗಳೂ 4 ಬಣ್ಣದ ಚಿತ್ರಗಳೂ ಇವೆ. 1997ರ ವಿಟ್ನಿ ಬಿಯೆನಿಯಲ್ ಪ್ರದರ್ಶನದಲ್ಲಿ ಅದು ಸ್ವತಂತ್ರ ಕಲಾಕೃತಿಯಾಗಿಯೇ ಸ್ಥಾನ ಪಡೆಯಿತು. ಕಲ್ಪಿತ ದಾಖಲೆಯನ್ನು ಮೋಸವೆನ್ನುವವರಿಗೆ ಹ್ಯಾಟಿ ಮೆಕ್‌ಡ್ಯಾನಿಯಲ್ ಅವರ ಬದುಕೇ ಉತ್ತರ. ‘ಗಾನ್ ವಿತ್ ದ ವಿಂಡ್’ ಚಿತ್ರದ ದಾದಿ ಪಾತ್ರಕ್ಕೆ 1940ರಲ್ಲಿ ಆಸ್ಕರ್ ಪಡೆದ ಅವರನ್ನು ಆ ಸಮಾರಂಭದಲ್ಲಿ ಬೇರೆ ಮೇಜಿನಲ್ಲಿ ಕೂರಿಸಲಾಗಿತ್ತು. ಅಟ್ಲಾಂಟಾದ ಪ್ರಥಮ ಪ್ರದರ್ಶನಕ್ಕೆ ಅವರಿಗೆ ಪ್ರವೇಶವಿರಲಿಲ್ಲ. ಪ್ರಶಸ್ತಿ ಗೆದ್ದವರ ಪಾಡೇ ಇದಾದರೆ ಉಳಿದವರ ಫೋಟೊಗಳನ್ನು ಜೋಪಾನ ಮಾಡುವವರು ಯಾರಿದ್ದರು?

ಮಾರ್ಥಾ ಪೇಜ್ ಪಾತ್ರದ ಹಿಂದೆ ನಿಜವಾದ ವ್ಯಕ್ತಿಯೊಬ್ಬರ ನೆರಳಿದೆ. 1927ರಿಂದ 1943ರವರೆಗೆ ಹಾಲಿವುಡ್ ಸ್ಟುಡಿಯೊಗಳಲ್ಲಿ ನಿರ್ದೇಶಿಸಿದ ಡೊರೊಥಿ ಆರ್ಜ್ನರ್ ನೃತ್ಯ ಸಂಯೋಜಕಿ ಮೇರಿಯನ್ ಮಾರ್ಗನ್ ಅವರೊಂದಿಗೆ ದಶಕಗಳ ಕಾಲ ಬಾಳಿದರು. ಡುನ್ಯೆ ಅವರ ಚಿತ್ರದಲ್ಲಿ ಮಾರ್ಥಾಳ ತಂಗಿ ಆ ಸಂಬಂಧವನ್ನು ಸಾರಾಸಗಟಾಗಿ ಅಲ್ಲಗಳೆಯುತ್ತಾಳೆ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಫೇಯೊಂದಿಗೆ ಕೊನೆಯ ಇಪ್ಪತ್ತು ವರ್ಷ ಬಾಳಿದ ಜೂನ್ ವಾಕರ್ ಬರೆದ ಪತ್ರ. ಬಿಳಿಯ ನಿರ್ದೇಶಕಿಯ ಕಥೆಗೆ ಮರುಳಾಗಿ ನಮ್ಮಿಬ್ಬರ ಬದುಕನ್ನು ಮರೆಯಬೇಡ ಎಂಬುದು ಆಕೆಯ ತಕರಾರು. ಪ್ರಸಿದ್ಧರ ನೆರಳಿನಲ್ಲಿ ಮಾತ್ರ ಸಾಮಾನ್ಯರನ್ನು ಕಾಣುವ ಚಾಳಿ ಸಂಶೋಧಕರಲ್ಲಿ ಬೇರುಬಿಟ್ಟಿದೆ. ಡುನ್ಯೆ ಅದನ್ನು ತನ್ನ ನಾಯಕಿಯಲ್ಲೇ, ಅಂದರೆ ತನ್ನದೇ ಹೆಸರು ಹೊತ್ತ ಪಾತ್ರದಲ್ಲೇ ತೋರಿಸುತ್ತಾರೆ.

ಸುಮಾರು 3 ಲಕ್ಷ ಡಾಲರ್‌ನಲ್ಲಿ ತಯಾರಾದ ಈ ಚಿತ್ರಕ್ಕೆ ಅಮೆರಿಕ ಸರ್ಕಾರದ ಕಲಾ ದತ್ತಿ ನಿಧಿಯಿಂದ 31,500 ಡಾಲರ್ ನೆರವು ಸಿಕ್ಕಿತ್ತು. ಚಿತ್ರದ ಪ್ರಣಯ ದೃಶ್ಯವೊಂದು ಪತ್ರಿಕೆಗಳಲ್ಲಿ ಸುದ್ದಿಯಾದಾಗ ಮಿಶಿಗನ್‌ನ ಕಾಂಗ್ರೆಸ್ ಸದಸ್ಯ ಪೀಟರ್ ಹೂಕ್‌ಸ್ಟ್ರಾ ಅಷ್ಟೇ ಮೊತ್ತವನ್ನು ನಿಧಿಯ ಅನುದಾನದಿಂದ ಕಡಿತ ಮಾಡಬೇಕೆಂದು ಪಟ್ಟುಹಿಡಿದರು. ಇದೇ ಚಿತ್ರ 2021ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ನಡುವೆ ಕಳೆದದ್ದು ಇಪ್ಪತ್ತೈದು ವರ್ಷ. ಆ ವರ್ಷಗಳಲ್ಲಿ ಇದರ ನಿರ್ದೇಶಕಿಗೆ ಎಷ್ಟು ಸಿನಿಮಾ ಸಿಕ್ಕವು ಎಂದು ನೋಡಿದರೆ ಗೌರವ ಮತ್ತು ಅವಕಾಶ ಜೊತೆಯಾಗಿ ಬರುವುದಿಲ್ಲ ಎಂಬುದು ಮನದಟ್ಟಾಗುತ್ತದೆ.

ಎಚ್‌ಬಿಒ ವಾಹಿನಿಗಾಗಿ ಮಾಡಿದ ‘ಸ್ಟ್ರೇಂಜರ್ ಇನ್‌ಸೈಡ್’ (2001) ಅವರ ಮೊದಲ ಕಿರುತೆರೆ ಚಿತ್ರ. ಟ್ರೆಷರ್ ಎಂಬ ಯುವತಿ ತಾನು ಕಾಣದ ತಾಯಿಯನ್ನು ಹುಡುಕಿಕೊಂಡು ವಯಸ್ಕರ ಜೈಲಿಗೆ ವರ್ಗವಾಗಿ ಬರುತ್ತಾಳೆ. ಚಿತ್ರಕಥೆಯನ್ನು ಹದಗೊಳಿಸಲು ಡುನ್ಯೆ ಮಿನಿಯಾಪೊಲಿಸ್‌ನ ವಾಕರ್ ಕಲಾಕೇಂದ್ರದ ಸಹಯೋಗದಲ್ಲಿ ಶಾಕೋಪಿಯ ಮಹಿಳಾ ಕಾರಾಗೃಹದಲ್ಲಿ ಕಮ್ಮಟ ನಡೆಸಿ, ಕೈದಿಗಳೊಂದಿಗೆ ಕೂತು ಓದಿಸಿ, ಅವರ ಅನುಭವ ಕೇಳಿ ತಿದ್ದಿದರು. ಮೊದಲ ಚಿತ್ರದ ಹುಡುಕಾಟವೇ ಇಲ್ಲಿ ಇನ್ನೊಂದು ರೂಪ ತಾಳಿದೆ. ದಾಖಲೆಗಳು ಇಲ್ಲಿ ಹೇರಳವಾಗಿವೆ, ಆದರೆ ಅವೆಲ್ಲ ಜೈಲಿನ ಕಡತಗಳು; ಅವು ಕೈದಿಯ ಸಂಖ್ಯೆ ಬಲ್ಲವು, ಅವಳ ತಾಯಿ ಯಾರೆಂದು ಖಚಿತವಾಗಿ ಹೇಳಲಾರವು.

ಮಿರಾಮ್ಯಾಕ್ಸ್‌ಗಾಗಿ ಮಾಡಿದ ಹಾಸ್ಯಚಿತ್ರ ‘ಮೈ ಬೇಬೀಸ್ ಡ್ಯಾಡಿ’ (2004) ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಡುನ್ಯೆ ಅವರ ಗುರುತು ಹತ್ತುವುದು ಕಷ್ಟ. ಆಮೇಲೆ ಸ್ಟುಡಿಯೊ ಸಿನಿಮಾದ ಬಾಗಿಲು ಬಹುತೇಕ ಮುಚ್ಚಿತು. ಗೆಳತಿಯರ ಸಾಮೂಹಿಕ ದುಡಿಮೆಯಿಂದ ‘ದ ಔಲ್ಸ್’ (2010), ಓಕ್ಲೆಂಡ್‌ನಲ್ಲಿ ಕಾವಲು ಕೆಲಸ ಮಾಡುವ ಕಪ್ಪು ಟ್ರಾನ್ಸ್ ಪುರುಷನ ಕಥೆ ಹೇಳುವ ಕಿರುಚಿತ್ರ ‘ಬ್ಲ್ಯಾಕ್ ಈಸ್ ಬ್ಲೂ’ (2014) ಬಂದವು. ಈ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠವನ್ನೂ ಹೇಳಿದರು. 2016ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು.

ಕಿರುತೆರೆಗೆ ಅವರು ಮರಳಿದ್ದು ತಾನಾಗಿ ಕೂಡಿಬಂದ ಯೋಗವಲ್ಲ. ಮಹಿಳಾ ನಿರ್ದೇಶಕರನ್ನು ಹಾಲಿವುಡ್ ದೂರವಿಟ್ಟಿದೆಯೆಂದು ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2015ರಲ್ಲಿ ಸರ್ಕಾರದ ತನಿಖೆ ಕೋರಿತ್ತು. ಮರುವರ್ಷ ನಿರ್ದೇಶಕಿ ಏವಾ ಡುವರ್ನೆ ತಮ್ಮ ‘ಕ್ವೀನ್ ಶುಗರ್’ ಧಾರಾವಾಹಿಯ ಎಲ್ಲ ಕಂತುಗಳನ್ನೂ ಮಹಿಳೆಯರ ಕೈಗೇ ಕೊಟ್ಟರು. ಎರಡನೆಯ ಸೀಸನ್‌ನ (2017) ನಿರ್ದೇಶಕಿಯರ ಸಾಲಿನಲ್ಲಿ ಡುನ್ಯೆ ಇದ್ದರು. ಕಂತು ನಿರ್ದೇಶಿಸಿದ ಅನುಭವವಿಲ್ಲದವರಿಗೆ ಕಂತು ಸಿಗದು, ಕಂತು ಸಿಗದೆ ಅನುಭವ ಬಾರದು ಎಂಬ ಬೀಗವನ್ನು ಡುವರ್ನೆ ಒಡೆದರು. ಹಲವರ ವೃತ್ತಿ ಅಲ್ಲಿಂದ ಚಿಗುರಿತು. ಡುನ್ಯೆ ‘ಡಿಯರ್ ವೈಟ್ ಪೀಪಲ್’, ‘ಲವ್‌ಕ್ರಾಫ್ಟ್ ಕಂಟ್ರಿ’ ಮುಂತಾದವುಗಳಿಗೂ, ಬಾಂಬೆಯಿಂದ ಬಂದ ಶರ್ಮಾ ಕುಟುಂಬದ ಮೂಲಕ ನಮ್ಮ ನೋಡುಗರಿಗೂ ಪರಿಚಿತವಾದ ‘ಬ್ರಿಡ್ಜರ್ಟನ್’ನ ಎರಡನೆಯ ಸೀಸನ್‌ಗೂ (2022) ಕಂತುಗಳನ್ನು ನಿರ್ದೇಶಿಸಿದರು.

ಧಾರಾವಾಹಿಯಲ್ಲಿ ನಿರ್ದೇಶಕರು ಅತಿಥಿಗಳು. ಕಥೆ, ಪಾತ್ರವರ್ಗ, ದೃಶ್ಯಶೈಲಿ ಎಲ್ಲವೂ ಅವರು ಬರುವ ಮೊದಲೇ ನಿರ್ಧಾರವಾಗಿರುತ್ತವೆ, ಕೊನೆಯ ಮಾತು ಧಾರಾವಾಹಿಯ ಒಟ್ಟು ಹೊಣೆ ಹೊತ್ತ ಶೋರನ್ನರ್‌ದು. ನಿರ್ದೇಶಕರ ಸಂಘದ ಒಪ್ಪಂದದಂತೆ ಸಿನಿಮಾಗೆ ಸಾಮಾನ್ಯವಾಗಿ ಹತ್ತು ವಾರ ಸಿಗುವ ನಿರ್ದೇಶಕರ ಸಂಕಲನಕ್ಕೆ ಒಂದು ಗಂಟೆಯ ಕಂತಿನಲ್ಲಿ ಸಿಗುವುದು ನಾಲ್ಕು ದಿನ. ಹಾಗಾಗಿ ಕಂತಿನಲ್ಲಿ ಕರ್ತೃವಿನ ಮುದ್ರೆಯನ್ನು ಕಥೆಯಲ್ಲಿ ಅರಸಿದರೆ ಸಿಗದು. ನಟರನ್ನು ನಡೆಸಿದ ರೀತಿಯಲ್ಲಿ ಅರಸಬೇಕು.

‘ಲವ್‌ಕ್ರಾಫ್ಟ್ ಕಂಟ್ರಿ’ಯ ಐದನೆಯ ಕಂತು ‘ಸ್ಟ್ರೇಂಜ್ ಕೇಸ್’ (2020) ಇದಕ್ಕೆ ತಕ್ಕ ನಿದರ್ಶನ. 1950ರ ದಶಕದ ಶಿಕಾಗೋದ ಕಪ್ಪು ಗಾಯಕಿ ರೂಬಿ ಒಂದು ಬೆಳಗ್ಗೆ ಬಿಳಿಯ ಹೆಂಗಸಿನ ಮೈಯಲ್ಲಿ ಎಚ್ಚರಗೊಳ್ಳುತ್ತಾಳೆ. ದಿಕ್ಕುಗೆಟ್ಟು ಬೀದಿಗೆ ಬಂದವಳಿಗೆ ಒಬ್ಬ ಕಪ್ಪು ಹುಡುಗ ಎದುರಾಗುತ್ತಾನೆ. ಪೊಲೀಸರು ಹುಡುಗನ ಮೇಲೆ ಎರಗುತ್ತಾರೆ, ಅವಳನ್ನು ನಯವಾಗಿ ಮಾತಾಡಿಸುತ್ತಾರೆ. ಮಾರ್ಷಲ್ ಫೀಲ್ಡ್ಸ್ ಮಳಿಗೆಯಲ್ಲಿ ಅವಳು ಬಹುಕಾಲದಿಂದ ಆಸೆಪಟ್ಟ ಕೆಲಸ ಈ ಮೈಗೆ ಸಲೀಸಾಗಿ ಸಿಗುತ್ತದೆ. ವುನ್ಮಿ ಮೊಸಾಕು ಮತ್ತು ಜೇಮಿ ನ್ಯೂಮನ್ ಇಬ್ಬರೂ ಸೇರಿ ಒಬ್ಬಳೇ ರೂಬಿಯಾಗಬೇಕು. ಬಿಳಿಯ ಮುಖದೊಳಗಿಂದ ನಮಗೆ ಗೊತ್ತಿರುವ ರೂಬಿಯ ಜಾಗರೂಕತೆ, ಆಮೇಲೆ ಮೆಲ್ಲಗೆ ಸಡಿಲಗೊಳ್ಳುವ ಭುಜಗಳು ಕಾಣಬೇಕು. ಇಬ್ಬರು ನಟಿಯರ ನಡಿಗೆ, ನೋಟಗಳನ್ನು ಹೀಗೆ ಹೊಂದಿಸುವುದು ನಿರ್ದೇಶಕಿಯ ಕೆಲಸ. ಲೀಸಾ ಮೇರಿ ಬ್ರಾನ್ಸನ್ ಎಂಬ ಒಬ್ಬಳೇ ನಟಿಯನ್ನು ಹಲವು ದಶಕಗಳ ಫೇ ಆಗಿ ನಂಬಿಸಿದ ಅನುಭವ ಇದರ ಹಿಂದಿದೆ ಎಂದು ನಾನು ಭಾವಿಸುತ್ತೇನೆ. ರೂಬಿಯ ಬಿಳಿಯ ಚರ್ಮ ರಕ್ತಸಿಕ್ತವಾಗಿ ಕಳಚಿಬೀಳುವ ದೃಶ್ಯಗಳೇ ಈ ಕಂತಿನಲ್ಲಿ ಹೆಚ್ಚು ಚರ್ಚೆಗೊಳಗಾದವು. ಆದರೆ ಡುನ್ಯೆ ಅವರ ಪಳಗಿದ ಕೈ ಎದ್ದುಕಾಣುವುದು ಆ ಮಳಿಗೆಯ ದೃಶ್ಯಗಳಲ್ಲಿ. ಅಲ್ಲಿ ಕೆಲಸಕ್ಕೆ ಸೇರಿದ ಏಕೈಕ ಕಪ್ಪು ಹುಡುಗಿಯನ್ನು ರೂಬಿ ಬಿಳಿಯ ಮೇಲ್ವಿಚಾರಕಿಯಾಗಿ ನೋಡುತ್ತಾಳೆ, ತಿದ್ದುತ್ತಾಳೆ, ಗದರುತ್ತಾಳೆ; ಆ ಹುಡುಗಿಗೆ ಎದುರು ನಿಂತವಳು ಯಾರೆಂದು ತಿಳಿಯುವುದೇ ಇಲ್ಲ.