ಶಾಸನಗಳಲ್ಲಿ ‘ದಾನ’ ಮತ್ತು ‘ಕೊಡಗೆ’

ಕರ್ನಾಟಕದ ಶಾಸನಗಳ ಸಾರಾಂಶಗಳಲ್ಲಿ ಮೇಲಿಂದ ಮೇಲೆ ಎದುರಾಗುವ ಮಾತು ‘ಭೂಮಿಯನ್ನು ದಾನ ಮಾಡಿದನು’ ಎಂಬುದು. ದೇವಾಲಯಕ್ಕೆ ಬಿಟ್ಟ ಗದ್ದೆ, ಮಡಿದ ವೀರನ ಮನೆಯವರಿಗೆ ಕೊಟ್ಟ ಹೊಲ, ಕೆರೆ ಕಟ್ಟಿಸಿದವನಿಗೆ ಸಂದ ಮಣ್ಣು ಇವೆಲ್ಲವೂ ಈ ಒಂದೇ ಪದದಲ್ಲಿ ಅಡಗಿಹೋಗುತ್ತವೆ. ಮೂಲಪಾಠಗಳಲ್ಲಾದರೋ ಇವುಗಳಿಗೆ ಬೇರೆ ಬೇರೆ ಹೆಸರುಗಳುಂಟು. ಧರ್ಮಶಾಸ್ತ್ರದ ದೃಷ್ಟಿಯಲ್ಲಿ ದಾನವೆಂದರೆ ಪ್ರತಿಫಲವನ್ನು ಬಯಸದೆ ಸತ್ಪಾತ್ರನಿಗೆ ತನ್ನ ಸ್ವತ್ತನ್ನು ಬಿಟ್ಟುಕೊಡುವುದು. ಅದರ ಫಲ ಪುಣ್ಯ. ಕೊಡಗೆಯ ಹಿಂದೆಯಾದರೆ ಸಲ್ಲಿಸಿದ ಅಥವಾ ಸಲ್ಲಿಸಬೇಕಾದ ಒಂದು ಸೇವೆಯಿರುತ್ತದೆ.

ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ, ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿಗಳು ‘ಬಾಳ್ಗಳ್ಚು’ ಆಗಿ ದೊರೆತವು. ‘ಬಾಳ್’ ಎಂದರೆ ಖಡ್ಗ, ‘ಕಳ್ಚು’ ಎಂದರೆ ತೊಳೆ. ನೀರೆರೆದು ಕೊಡುವ ದಾನದಲ್ಲಿಯೂ ನೀರಿದೆ, ಇಲ್ಲಿಯೂ ನೀರಿದೆ. ಆದರೆ ಇಲ್ಲಿ ಅದು ತೊಳೆಯುವುದು ಕತ್ತಿಯನ್ನು. ಐದು ಶತಮಾನಗಳ ಬಳಿಕ, 949-50ರ ಆತಕೂರು ಶಾಸನದಲ್ಲಿಯೂ ಗಂಗ ಬೂತುಗನು ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಆತಕೂರು ಹನ್ನೆರಡನ್ನು ಇದೇ ಹೆಸರಿನಿಂದ ಕೊಡುತ್ತಾನೆ. ಅದೇ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಸ್ಮರಿಸುತ್ತದೆ. ಅದಕ್ಕಾಗಿ ಬಿಟ್ಟ ಭೂಮಿಗೆ ನಿತ್ಯಪೂಜೆಯ ಹೊಣೆಯಿದ್ದು, ಪೂಜಿಸದೆ ಉಣ್ಣುವ ಗೊರವನಿಗೆ ಪಾಪದ ಎಚ್ಚರಿಕೆಯಿದೆ. ಒಂದೇ ಶಿಲೆಯ ಈ ಎರಡು ಕೊಡುಗೆಗಳನ್ನು ‘ದಾನ’ವೆಂದು ಒಟ್ಟುಗೂಡಿಸಿದರೆ ಒಂದರ ಶೌರ್ಯವೂ ಇನ್ನೊಂದರ ಕರಾರೂ ಮರೆಯಾಗುತ್ತವೆ.

ಯುದ್ಧದಲ್ಲಿ ಮಡಿದವನ ಕುಟುಂಬಕ್ಕೆ ಸಲ್ಲುತ್ತಿದ್ದ ‘ನೆತ್ತರುಗೊಡಗೆ’ಯನ್ನು ಅದರ ಹೆಸರೇ ವಿವರಿಸುತ್ತದೆ. ಹೆಚ್ಚು ಹಾನಿಯಾಗಿರುವುದು ಕೆರೆಗಳ ಸಂದರ್ಭದಲ್ಲಿ. ‘ಬಿತ್ತುವಟ್ಟ’ ಮತ್ತು ‘ಕಟ್ಟುಗೊಡಗೆ’ಗಳು ಕೆರೆಯ ನಿರ್ಮಾಣ, ರಕ್ಷಣೆಗಳಿಗೆ ಸಂಬಂಧಿಸಿದವು. ಇವನ್ನು ದಾನವೆಂದು ಬರೆದಾಗ ಧರ್ಮಿಷ್ಠ ಅರಸನೊಬ್ಬನು ಉಳಿಯುತ್ತಾನೆ. ಹೂಳೆತ್ತಿದವರು, ಏರಿಗೆ ಮಣ್ಣು ಹಾಕಿದವರು ಇತಿಹಾಸದಿಂದ ಹೊರಗುಳಿಯುತ್ತಾರೆ.

ಶಾಸನಕವಿಗಳೂ ಎಲ್ಲೆಡೆ ಈ ಗೆರೆಯನ್ನು ಕಟ್ಟುನಿಟ್ಟಾಗಿ ಪಾಲಿಸಿಲ್ಲವೆಂಬುದನ್ನು ಒಪ್ಪಬೇಕು; ಕೊಡಗೆಯನ್ನು ಧಾರಾಪೂರ್ವಕವಾಗಿ ಕೊಟ್ಟ ನಿದರ್ಶನಗಳೂ ಇವೆ. ಆದರೆ ಅವರು ಬೆರೆಸಿದ್ದು ಬೇರೆ, ಸಾರಾಂಶಕಾರರು ಬೆರೆಸುವುದು ಬೇರೆ. ಪದಸೂಚಿಯಲ್ಲಿ ‘ದಾನ’ದ ಅಡಿಯಲ್ಲಿ ಬಿತ್ತುವಟ್ಟವನ್ನು ಸೇರಿಸಿದರೆ, ನೀರಾವರಿಯ ಚರಿತ್ರೆಯನ್ನು ಅರಸಿ ಬರುವ ಸಂಶೋಧಕನು ಆ ಪುಟವನ್ನು ತೆರೆಯುವುದೇ ಇಲ್ಲ.